ಮೀಟರ್ ನೋಡಬೇಕಾ, ಕ್ಯಾಲೆಂಡರ್ ನೋಡಬೇಕಾ? ಕಮ್ಮಿ ಓಡುವ ಪ್ಲಗ್-ಇನ್ ಹೈಬ್ರಿಡ್‌ಗೆ ಮೂರು ವರ್ಷ, ಮೂರು ಲೆಕ್ಕ

ಅಣ್ಣ 2022ರಲ್ಲಿ ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ವೋಲ್ವೊ ಎಕ್ಸ್‌ಸಿ90 ಟಿ8 ಕೊಂಡ. 2019ರ ಮಾಡೆಲ್. ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲ್‌ನಲ್ಲೂ ಓಡುತ್ತದೆ, ಪ್ಲಗ್‌ಗೆ ಹಾಕಿ ತುಂಬಿದ ಕರೆಂಟ್‌ನಲ್ಲೂ ಓಡುತ್ತದೆ. ಮೀಟರ್‌ನಲ್ಲಿ ಬರೀ 19 ಸಾವಿರ ಕಿ.ಮೀ. ಇತ್ತು. ಆರು ತಿಂಗಳಾಗುವಷ್ಟರಲ್ಲಿ ಅವನು ಕೆಲಸಕ್ಕೆಂದು ದುಬೈಗೆ ಹೋದ. ಕಾರು ಕೋಲಾರದ ನಮ್ಮ ಮನೆಗೆ ಬಂತು. ಅವತ್ತಿನಿಂದ ಅದನ್ನು ನೋಡಿಕೊಳ್ಳುವ ಕೆಲಸ ನನ್ನದು.

ನಮ್ಮ ಓಡಾಟ ಹೇಳಿಬಿಡುತ್ತೇನೆ. ಅಪ್ಪನನ್ನು ತಿಂಗಳಿಗೊಮ್ಮೆ ಟಮಕದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವಾರಕ್ಕೆ ಎರಡು ಸಲ ಪೇಟೆ. ಆಗಾಗ ಬಂಗಾರಪೇಟೆಯಲ್ಲಿ ಅಕ್ಕನ ಮನೆ. ಅಪರೂಪಕ್ಕೆ ಬೆಂಗಳೂರು. ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ದಾಟುವುದಿಲ್ಲ. ರಾತ್ರಿ ಶೆಡ್‌ನಲ್ಲಿ 15 ಆಂಪಿಯರ್ ಪ್ಲಗ್‌ಗೆ ಹಾಕಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಚಾರ್ಜ್ ತುಂಬಿರುತ್ತದೆ. ಅದರಲ್ಲಿ ಊರೊಳಗೆ 25ರಿಂದ 30 ಕಿ.ಮೀ. ಆರಾಮಾಗಿ ಓಡುತ್ತದೆ. ಹಾಗಾಗಿ ಎಷ್ಟೋ ವಾರ ಪೆಟ್ರೋಲ್ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ.

ತೊಡಕು ಇರುವುದು ಇಲ್ಲೇ. ಈ ಕಾರಿನಲ್ಲಿ ಮುಂದಿನ ಚಕ್ರ ತಿರುಗಿಸಲು 2 ಲೀಟರ್ ಪೆಟ್ರೋಲ್ ಎಂಜಿನ್ ಇದೆ, ಹಿಂದಿನ ಚಕ್ರಕ್ಕೆ ಕರೆಂಟ್ ಮೋಟರ್ ಇದೆ. ಯಾವುದು ಓಡಿದರೂ ಮೀಟರ್ ಒಂದೇ. ನಾಲ್ಕು ಸಾವಿರ ಅಂತ ಮೀಟರ್ ತೋರಿಸಿದರೆ ಎಂಜಿನ್ ಎಷ್ಟು ಓಡಿತು ಅಂತ ಗೊತ್ತಾಗುವುದಿಲ್ಲ. ಸುಮ್ನೆ ನಿಂತಿದ್ದಾಗ ಏನೇನು ಹಳೆಯದಾಯಿತು ಅಂತಲೂ ಗೊತ್ತಾಗುವುದಿಲ್ಲ. ಸರ್ವಿಸ್ ಯಾವಾಗ ಮಾಡಿಸಬೇಕು ಅನ್ನುವುದಕ್ಕೆ ನಾನು ಮೂರು ವರ್ಷದಲ್ಲಿ ಮೂರು ಲೆಕ್ಕ ಹಿಡಿದು ನೋಡಿದೆ.

ಮೊದಲನೇ ವರ್ಷ: ಮೀಟರ್ ಲೆಕ್ಕ

ನಮ್ಮ ಹಳೇ ಕಾರಿಗೆ 10 ಸಾವಿರ ಕಿ.ಮೀ.ಗೊಮ್ಮೆ ಆಯಿಲ್ ಬದಲಾಯಿಸುತ್ತಿದ್ದೆವು. ಇದಕ್ಕೂ ಅದೇ ಸಾಕು ಅಂದುಕೊಂಡೆ. ಬಹುತೇಕ ಕಾರುಗಳ ಸರ್ವಿಸ್ ಪುಸ್ತಕದಲ್ಲಿ ‘ಇಷ್ಟು ಕಿ.ಮೀ. ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಅಂತ ಇರುತ್ತದೆ. ನಾನು ಮೊದಲಿನ ಅರ್ಧ ಮಾತ್ರ ಹಿಡಿದುಕೊಂಡೆ.

ಈ ಲೆಕ್ಕದ ಒಳ್ಳೆಯ ಗುಣ ಒಂದೇ, ಖರ್ಚಿಲ್ಲ. ತಿಂಗಳುಗಟ್ಟಲೆ ಒಂದು ರೂಪಾಯಿ ಖರ್ಚಾಗಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಶುರುವಾಯಿತು.

ಬೇಸಿಗೆ ರಜೆಯಲ್ಲಿ ಮೂರು ವಾರ ಮನೆಯಲ್ಲಿ ಯಾರೂ ಇರಲಿಲ್ಲ. ಬಂದ ಮಾರನೇ ದಿನ ಅಪ್ಪನಿಗೆ ಆಸ್ಪತ್ರೆಯ ಸಮಯ. ಕಾರಿನ ಬಾಗಿಲು ತೆರೆಯಲಿಲ್ಲ. ರಿಮೋಟ್ ಒಳಗಿರುವ ಸಣ್ಣ ಕೀಲಿ ತೆಗೆದು ಬಾಗಿಲು ತೆರೆದರೆ ಒಳಗೆ ಒಂದು ದೀಪವೂ ಇಲ್ಲ. ಮೋಟರ್ ಓಡಿಸುವ ದೊಡ್ಡ ಬ್ಯಾಟರಿಯಲ್ಲಿ ಮುಕ್ಕಾಲು ಪಾಲು ಚಾರ್ಜ್ ಬಿಟ್ಟು ಹೋಗಿದ್ದೆ, ಆದರೂ ಕಾರು ಏಳಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್‌ಗಳನ್ನು ಎಳೆಯುವುದು ಸಾಮಾನ್ಯ 12 ವೋಲ್ಟ್ ಬ್ಯಾಟರಿ. ಅದು ಸತ್ತರೆ ಪಕ್ಕದಲ್ಲಿ ಎಷ್ಟು ಕರೆಂಟ್ ಇದ್ದರೂ ಕೈಗೆ ಸಿಗುವುದಿಲ್ಲ. ಅದಕ್ಕೆ ಚಾರ್ಜ್ ಆಗುವುದು ಕಾರು ಆನ್ ಇದ್ದಾಗ ಅಥವಾ ಪ್ಲಗ್‌ನಲ್ಲಿ ಚಾರ್ಜ್ ಆಗುತ್ತಿರುವಾಗ. ನಿಂತಿದ್ದಾಗ ಅಲಾರಾಂ, ಲಾಕ್, ಮೊಬೈಲ್ ಸಂಪರ್ಕ ಎಲ್ಲಾ ಅದನ್ನೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತವೆ. ನಾಲ್ಕು ವರ್ಷದ ಬ್ಯಾಟರಿ, ಅದರ ಮೇಲೆ ನಮ್ಮ ಏಪ್ರಿಲ್ ಬಿಸಿಲು. ಅವತ್ತು ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಮನಸ್ಸು ಚುರುಗುಟ್ಟುತ್ತಿತ್ತು.

ಆಮೇಲೆ ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗ ಗರಗರ ಸದ್ದು. ಪ್ಯಾಡ್ ಸವೆದಿರಲಿಲ್ಲ, ಡಿಸ್ಕ್ ಮೇಲೆ ತುಕ್ಕು ಕೂತಿತ್ತು. ಇಂಥ ಕಾರಿನಲ್ಲಿ ನಾವು ನಿಧಾನ ಮಾಡುವಾಗ ಜಾಸ್ತಿ ಕೆಲಸ ಮಾಡುವುದು ಮೋಟರ್. ಅದು ಆ ವೇಗವನ್ನು ಕರೆಂಟ್ ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಪ್ಯಾಡ್ ಡಿಸ್ಕನ್ನು ಮುಟ್ಟುವುದೇ ಕಮ್ಮಿ. ಉಜ್ಜದೇ ಇದ್ದರೆ ತುಕ್ಕು ಹಿಡಿಯದೆ ಇನ್ನೇನು?

ಕೊನೆಗೆ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಒಳಬದಿಯಲ್ಲಿ ಹಾಲಿನ ಕೆನೆ ಥರ ಏನೋ ಅಂಟಿತ್ತು. ನೀರಿನ ಪಸೆ. ಏರು ರಸ್ತೆಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಎದ್ದು ಎರಡು ಮೂರು ನಿಮಿಷ ಓಡಿ ಮಲಗಿಬಿಡುತ್ತದೆ. ಅಷ್ಟರಲ್ಲಿ ಆಯಿಲ್ ಸರಿಯಾಗಿ ಕಾಯುವುದಿಲ್ಲ. ತಣ್ಣನೆ ಎಂಜಿನ್‌ನಲ್ಲಿ ಹುಟ್ಟುವ ನೀರು, ಸುಡದೆ ಉಳಿದ ಪೆಟ್ರೋಲ್ ಎರಡೂ ಆಯಿಲ್‌ನಲ್ಲೇ ಉಳಿಯುತ್ತವೆ. ಕಮ್ಮಿ ಓಡಿದ ಎಂಜಿನ್ ಅಂದರೆ ಚೆನ್ನಾಗಿರುವ ಎಂಜಿನ್ ಅನ್ನುವ ನಂಬಿಕೆ ನನಗೆ ಅವತ್ತೇ ಹೋಯಿತು.

ಎರಡನೇ ವರ್ಷ: ಆಯುಧಪೂಜೆಗೆ ಎಲ್ಲಾ ಒಟ್ಟಿಗೆ

ಮೊದಲ ವರ್ಷದ ಭಯದಲ್ಲಿ 2023ರಲ್ಲಿ ಪೂರ್ತಿ ಕ್ಯಾಲೆಂಡರ್‌ಗೆ ಬದಲಾದೆ. ಆಯುಧಪೂಜೆಗೆ ಮುಂಚೆ ಬೆಂಗಳೂರಿಗೆ ಒಯ್ದು ‘ಏನೇನಿದೆಯೋ ಎಲ್ಲಾ ಮಾಡಿಬಿಡಿ’ ಅಂದೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಬ್ರೇಕ್ ಫ್ಲೂಯಿಡ್, 12 ವೋಲ್ಟ್ ಬ್ಯಾಟರಿ ಎಲ್ಲಾ ಹೊಸದು. ಹೋಗುವಾಗ ಹೊಸಕೋಟೆ ದಾಟಿದೆ. ಎಕ್ಸ್‌ಸಿ90 ಅನ್ನು 2017ರಿಂದ ಜೋಡಿಸುವುದು ಅಲ್ಲಿನ ಕಾರ್ಖಾನೆಯಲ್ಲೇ. ನಮ್ಮ ದಾರಿಯಲ್ಲೇ ಇರುವ ಊರು ಅಂತ ಒಂಥರಾ ಖುಷಿ ಆಯಿತು.

ಮೀಟರ್ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಹಬ್ಬದ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗ ಮನಸ್ಸು ನಿರಾಳವಾಗಿತ್ತು. ನೆನಪಿಡುವುದೂ ಸುಲಭ.

ಆದರೆ ಎರಡು ಕೊರತೆ ಕಂಡವು. ಒಂದು, ಬೇಡದ್ದಕ್ಕೂ ದುಡ್ಡು ಕೊಟ್ಟೆ. ಎಂಜಿನ್ ಏರ್ ಫಿಲ್ಟರ್ ಹೊರಗೆ ತೆಗೆದಾಗ ಹೊಸದರ ಹಾಗೇ ಇತ್ತು. ಎಂಜಿನ್ ಉಸಿರಾಡಿದ್ದೇ ಕಮ್ಮಿ, ಅದು ಕೊಳೆಯಾಗುವುದು ಹೇಗೆ? ಎಸಿ ಫಿಲ್ಟರ್ ಮಾತ್ರ ನಮ್ಮ ಕೆಂಪು ಧೂಳಿನಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಒಂದೇ ಕಾರು, ಎರಡು ಫಿಲ್ಟರ್, ಎರಡರ ಆಯಸ್ಸು ಬೇರೆ ಬೇರೆ. ಇದನ್ನು ಕಣ್ಣಾರೆ ನೋಡಿದ ಮೇಲೆ ನನ್ನ ಯೋಚನೆ ತಿರುಗಿತು.

ಎರಡನೆಯದು, ಕೆಲವು ಕೆಲಸಕ್ಕೆ ವರ್ಷ ಅನ್ನುವುದು ತುಂಬಾ ದೂರ. ಟ್ಯಾಂಕ್‌ನಲ್ಲಿ ಪೆಟ್ರೋಲ್ ನಾಲ್ಕು ತಿಂಗಳು ಕೂತಿರುತ್ತಿತ್ತು. ಈಗ ಸಿಗುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಟೈರ್ ಗಾಳಿ ನಿಂತಲ್ಲೇ ಇಳಿಯುತ್ತದೆ. ಎರಡು ಟನ್‌ಗೂ ಮೀರಿದ ಭಾರ ಒಂದೇ ಜಾಗದ ಮೇಲೆ ಕೂತಿರುತ್ತದೆ. ಜನವರಿಯಲ್ಲಿ ಬಾನೆಟ್ ಒಳಗೆ ಇಲಿ ಗೂಡು ಕಟ್ಟಲು ಶುರು ಮಾಡಿತ್ತು, ಹುಲ್ಲು, ಚಿಂದಿ ಎಲ್ಲಾ ತಂದಿಟ್ಟಿತ್ತು. ಪುಣ್ಯಕ್ಕೆ ವೈರ್ ಕಡಿದಿರಲಿಲ್ಲ. ಮುಂದಿನ ಆಯುಧಪೂಜೆವರೆಗೆ ಬಾನೆಟ್ ತೆಗೆಯದೇ ಇದ್ದಿದ್ದರೆ ಏನಾಗುತ್ತಿತ್ತು?

ಡ್ಯಾಶ್‌ಬೋರ್ಡ್‌ನಲ್ಲಿ ಬರುವ ಸರ್ವಿಸ್ ಸಂದೇಶವನ್ನೇ ನಂಬಬಹುದಲ್ವಾ ಅಂತ ಅಣ್ಣ ಫೋನ್‌ನಲ್ಲಿ ಕೇಳಿದ. ಹೊಸ ಕಾರಾದರೆ ನಂಬಬಹುದು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಆ ಲೆಕ್ಕ ಶುರುವಾಗುವುದು ಹಿಂದೆ ಯಾರೋ ರೀಸೆಟ್ ಮಾಡಿದ ದಿನದಿಂದ. ಅವತ್ತು ಆಯಿಲ್ ನಿಜವಾಗಿ ಬದಲಾಯಿಸಿದ್ದರಾ ಅಂತ ಕಾರಿಗೆ ಗೊತ್ತಿರುವುದಿಲ್ಲ. ಬಿಲ್ ಕೈಯಲ್ಲಿದ್ದರೆ ಮಾತ್ರ ಅದಕ್ಕೆ ಬೆಲೆ.

ಮೂರನೇ ವರ್ಷ: ಒಂದೊಂದು ಭಾಗಕ್ಕೂ ಅದರದೇ ಲೆಕ್ಕ

2024ರ ಯುಗಾದಿಗೆ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಯಾವ ಭಾಗ ಓಡಿದರೆ ಸವೆಯುತ್ತದೆ, ಯಾವುದು ನಿಂತರೆ ಕೆಡುತ್ತದೆ, ಯಾವುದು ಹೇಗಿದ್ದರೂ ವಯಸ್ಸಾಗಿ ಹೋಗುತ್ತದೆ ಅಂತ ಮೂರು ಭಾಗ ಮಾಡಿದೆ.

ಓಡಿದರೆ ಸವೆಯುವವು ನಮಗೆ ಚಿಂತೆಯೇ ಅಲ್ಲ. ಬ್ರೇಕ್ ಪ್ಯಾಡ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಇವನ್ನು ನೋಡಿ, ಚೆನ್ನಾಗಿದ್ದರೆ ಬಿಟ್ಟುಬಿಡುವುದು.

ನಿಂತರೆ ಕೆಡುವವಕ್ಕೆ ಹದಿನೈದು ದಿನದ ಲೆಕ್ಕ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಬೆಳಿಗ್ಗೆ ಕಾರನ್ನು ಪೆಟ್ರೋಲ್‌ನಲ್ಲೇ ಓಡುವ ಹಾಗೆ ಮಾಡಿ ಹೈವೇಯಲ್ಲಿ ನರಸಾಪುರದವರೆಗೆ ಹೋಗಿ ಬರುತ್ತೇನೆ. ಅರ್ಧ ಗಂಟೆಯ ಓಟ. ಆಯಿಲ್ ಚೆನ್ನಾಗಿ ಕಾದು ನೀರಿನ ಪಸೆ ಆವಿಯಾಗಿ ಹೋಗುತ್ತದೆ. ಶೆಡ್‌ನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಇದು ಆಗುವುದಿಲ್ಲ, ಇನ್ನಷ್ಟು ನೀರು ಸೇರುತ್ತದೆ ಅಷ್ಟೇ. ದಾರಿಯಲ್ಲಿ ಹಿಂದೆ ಯಾರೂ ಇಲ್ಲದಾಗ ನಾಲ್ಕೈದು ಸಲ ಬ್ರೇಕ್ ಗಟ್ಟಿಯಾಗಿ ಒತ್ತುತ್ತೇನೆ, ಡಿಸ್ಕ್ ತೊಳೆದ ಹಾಗಾಗುತ್ತದೆ. ಬರುವಾಗ ಗಾಳಿ ಚೆಕ್. ಮನೆಗೆ ಬಂದು ಬಾನೆಟ್ ಎತ್ತಿ ಇಲಿಯ ಗುರುತು ಇದೆಯಾ ಅಂತ ನೋಡುವುದು. ಪೆಟ್ರೋಲ್ ಯಾವತ್ತೂ ಫುಲ್ ಟ್ಯಾಂಕ್ ಹಾಕಿಸುವುದಿಲ್ಲ. ಕಾಲು ಟ್ಯಾಂಕ್‌ನಿಂದ ಅರ್ಧದೊಳಗೆ ಇಟ್ಟು, ಹಳೆಯದು ಮುಗಿಯುತ್ತಾ ಹೊಸದು ಬರುವ ಹಾಗೆ ನೋಡಿಕೊಳ್ಳುತ್ತೇನೆ. ಕಾರು ಮನೆಯಲ್ಲೇ ಬಿಟ್ಟು ಊರಿಗೆ ಹೋಗುವುದಿದ್ದರೆ ದೊಡ್ಡ ಬ್ಯಾಟರಿಯನ್ನು ಸೊನ್ನೆಗೂ ಇಳಿಸುವುದಿಲ್ಲ, ಪೂರ್ತಿಯೂ ತುಂಬುವುದಿಲ್ಲ, ಅರ್ಧದ ಆಸುಪಾಸಿನಲ್ಲಿ ಬಿಡುತ್ತೇನೆ. ಪೂರ್ತಿ ತುಂಬಿ ಬಿಸಿಲಲ್ಲಿ ವಾರಗಟ್ಟಲೆ ನಿಲ್ಲಿಸಿದರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ.

ವಯಸ್ಸಾಗಿ ಹೋಗುವವಕ್ಕೆ ಹಬ್ಬದ ಲೆಕ್ಕ. ಯುಗಾದಿಗೂ ಆಯುಧಪೂಜೆಗೂ ನಡುವೆ ಹತ್ತಿರ ಹತ್ತಿರ ಆರು ತಿಂಗಳು. ಎಂಜಿನ್ ಆಯಿಲ್ ಎಷ್ಟೇ ಕಮ್ಮಿ ಓಡಿದ್ದರೂ ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಬ್ರೇಕ್ ಫ್ಲೂಯಿಡ್ ತೇವ ಎಳೆಯುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ. ಯುಗಾದಿಗೆ, ಬಿಸಿಲು ಏರುವ ಮುಂಚೆ, 12 ವೋಲ್ಟ್ ಬ್ಯಾಟರಿ ಟೆಸ್ಟ್ ಮತ್ತು ಎಸಿ ಫಿಲ್ಟರ್. ಟೈರ್‌ನ ಪಕ್ಕದ ಬದಿಯ ಮೇಲೇ ಅದು ಹುಟ್ಟಿದ ವಾರ ಬರೆದಿರುತ್ತದೆ. ನಾಲ್ಕು ಅಂಕಿ ಹುಡುಕಿ, 2319 ಅಂದರೆ 2019ರ 23ನೇ ವಾರ. ನಮ್ಮ ಟೈರ್‌ಗಳ ಹಲ್ಲು ಇನ್ನೂ ಆಳವಾಗಿವೆ, ಆದರೆ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಂದಿದೆ.

ಯಾರ ಕೈಯಲ್ಲಿ ಮಾಡಿಸುವುದು ಅನ್ನುವುದೂ ಇದೇ ನೋಟ್‌ಬುಕ್‌ನಲ್ಲಿ ಹಂಚಿಹೋಯಿತು. ಗಾಳಿ, ಎಸಿ ಫಿಲ್ಟರ್, ವೈಪರ್ ಇವೆಲ್ಲಾ ಕೋಲಾರದಲ್ಲೇ. ಕಿತ್ತಳೆ ಬಣ್ಣದ ವೈರ್ (ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್ ವೈರ್) ಇರುವ ಜಾಗಕ್ಕೆ, ಕೂಲೆಂಟ್‌ಗೆ, ಎಸಿ ಗ್ಯಾಸ್‌ಗೆ ಬೆಂಗಳೂರು. ಎಸಿ ವಿಷಯ ಒತ್ತಿ ಹೇಳಬೇಕು. ಒಂದು ಗ್ಯಾರೇಜಿನಲ್ಲಿ ‘ಕೂಲಿಂಗ್ ಕಮ್ಮಿ ಇದೆ, ಗ್ಯಾಸ್ ಜೊತೆ ಆಯಿಲ್ ಟಾಪ್ ಅಪ್ ಮಾಡಿಕೊಡ್ತೀವಿ’ ಅಂದರು. ಬೇಡ ಅಂದೆ. ಈ ಕಾರಿನ ಎಸಿ ಕಂಪ್ರೆಸರ್ ಎಂಜಿನ್ ಬೆಲ್ಟ್‌ನಿಂದ ಓಡುವುದಿಲ್ಲ, ದೊಡ್ಡ ಬ್ಯಾಟರಿಯ ಕರೆಂಟ್‌ನಿಂದ ಓಡುತ್ತದೆ. ಅದಕ್ಕೆ ಕರೆಂಟ್ ಹರಿಯದಂಥ ಬೇರೆಯೇ ಆಯಿಲ್ ಬೇಕು. ಮಾಮೂಲಿ ಕಾರಿನ ಆಯಿಲ್ ಹೋದರೆ ಇನ್ಸುಲೇಶನ್ ಕೆಡುತ್ತದೆ, ಕಂಪ್ರೆಸರ್ ಹಾಳಾಗಿ ದೊಡ್ಡ ಖರ್ಚು ಬರುತ್ತದೆ.

ಈ ಲೆಕ್ಕದ ಕಷ್ಟ ಅಂದರೆ ಬಿಡದೆ ಮಾಡಬೇಕು. ಭಾನುವಾರ ಮದುವೆ ಮುಂಜಿ ಬಂದರೆ ತಪ್ಪುತ್ತದೆ. ಆಗ ಮುಂದಿನ ವಾರ ಹೋಗುತ್ತೇನೆ. ಆದರೆ ಎರಡನೇ ವರ್ಷದ ಬಿಲ್ ಮೂರನೇ ವರ್ಷದ್ದಕ್ಕಿಂತ ಒಂದೂವರೆ ಪಟ್ಟು ಇತ್ತು. ಮೂರನೇ ವರ್ಷ ಒಂದು ದಿನವೂ ಕಾರು ಕೈ ಕೊಡಲಿಲ್ಲ. ಆಯಿಲ್ ಮುಚ್ಚಳದಲ್ಲಿ ಕೆನೆ ಕಾಣಿಸಲಿಲ್ಲ.

ನಿಮ್ಮದು ದಿನಾ ಬೆಂಗಳೂರಿಗೆ ಓಡುವ ಕಾರಾದರೆ ಮೀಟರ್ ಲೆಕ್ಕವೇ ಸಾಕು, ಇಷ್ಟೆಲ್ಲಾ ಬೇಡ. ವಯಸ್ಸಾದವರು ಒಬ್ಬರೇ ಕಾರು ಇಟ್ಟುಕೊಂಡಿದ್ದರೆ, ಹದಿನೈದು ದಿನಕ್ಕೊಮ್ಮೆ ಹೈವೇಗೆ ಹೋಗುವುದು ಕಷ್ಟ ಅನ್ನಿಸಿದರೆ, ಎರಡನೇ ಲೆಕ್ಕ ಹಿಡಿಯಿರಿ. ಸ್ವಲ್ಪ ದುಡ್ಡು ಜಾಸ್ತಿ ಹೋದರೂ ಪರವಾಗಿಲ್ಲ. ಆದರೆ 12 ವೋಲ್ಟ್ ಬ್ಯಾಟರಿಯನ್ನು ಮಾತ್ರ ಬೇಸಿಗೆಗೆ ಮುಂಚೆ ಬೇರೆಯಾಗಿ ಟೆಸ್ಟ್ ಮಾಡಿಸಿ. ವಾರಕ್ಕೆ ನೂರು ಕಿ.ಮೀ.ಗಿಂತ ಕಮ್ಮಿ ಓಡಿಸುವವರು, ಮನೆಯಲ್ಲೇ ಪ್ಲಗ್ ಇರುವವರು ಮೂರನೆಯದಕ್ಕೆ ಬನ್ನಿ. ಕಾರು ಕೊಂಡ ದಿನವೇ ಶುರು ಮಾಡಿ. ಹಿಂದಿನ ಮಾಲೀಕರ ಬಿಲ್ ಸಿಗದ ಪ್ರತಿಯೊಂದು ಫ್ಲೂಯಿಡ್‌ಗೂ ಅವತ್ತೇ ಮೊದಲ ದಿನ ಅಂದುಕೊಳ್ಳಿ.

ನಮ್ಮ ನೋಟ್‌ಬುಕ್‌ನ ಮುಂದಿನ ಸಾಲಿನಲ್ಲಿ ನಾಲ್ಕು ಟೈರ್ ಅಂತ ಬರೆದಿದ್ದೇನೆ. ಅಣ್ಣ ರಜೆಗೆ ಬಂದಾಗ ಅವನನ್ನೇ ಕರೆದುಕೊಂಡು ಹೋಗಿ ಹಾಕಿಸುತ್ತೇನೆ.