ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿ ಮೂರು ವರ್ಷ: ಕಿಟ್ ಓಕೆ, ಅದರ ವೈರೇ ತಲೆನೋವು

ಸಿಬಿ ಪಾಯಿಂಟ್ (ಕಿಡಿಗೆ ಬೇಕಾದ ಕರೆಂಟನ್ನ ಕಡಿದು ಕೂಡಿಸೋ ಸಣ್ಣ ಸ್ವಿಚ್ಚು) ಬದ್ಲು ಡಿಸ್ಟ್ರಿಬ್ಯೂಟರ್, ಅಂದ್ರೆ ಪ್ಲಗ್ಗುಗಳಿಗೆ ಕಿಡಿ ಹಂಚೋ ಡಬ್ಬಿ, ಅದರ ಒಳಗೇ ಕೂರೋ ಕಿಟ್ ಇದು. ನನ್ನದು ಹಳೇ ನಾಲ್ಕು ಸಿಲಿಂಡರ್ ಕಾರ್ಬುರೇಟರ್ ಗಾಡಿ, ವಾರಕ್ಕೊಂದ್ಸಲ ತೆಗೀತೀನಿ ಅಷ್ಟೇ. ಡಬ್ಬದ ಮೇಲಿರೋದನ್ನ ಮತ್ತೆ ಬರೆಯಲ್ಲ.

ತಗೊಂಡಿದ್ದು ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಾಯೋ ಭಾಗ) ಕಾಟಕ್ಕೆ. ಎಂಜಿನ್ ಬಿಸಿ ಆಗ್ತಿದ್ದ ಹಾಗೆ ಮಿಸ್ಸಿಂಗ್, ಕ್ಯಾಪ್ ತೆಗೆದ್ರೆ ಪಾಯಿಂಟ್ ಸುಟ್ಟು ಕರ್ರಗೆ, ಉಜ್ಜಿ ಹಾಕಿದ್ರೆ ಮತ್ತದೇ ಕಥೆ. ಹೊಸ ಕಂಡೆನ್ಸರ್ ಎರಡು ಹಾಕ್ದೆ, ಎರಡೂ ಒಂದೇ ಜಾತಿ. ಆದ್ರೂ ನಿಜ ಹೇಳ್ತೀನಿ, ಪಾಯಿಂಟ್ ಸೆಟ್ ಮಾಡೋ ಕೆಲಸ ನಂಗೆ ಇಷ್ಟಾನೇ. ಭಾನುವಾರ ಬೆಳಗ್ಗೆ ಕ್ಯಾಪಿನ ಕ್ಲಿಪ್ಪೆರಡನ್ನೂ ಟಕ್ ಟಕ್ ಅಂತ ಬಿಚ್ಚಿ, ಗಾಡಿನ ಟಾಪ್ ಗೇರಲ್ಲಿ ಹಾಕಿ ಇಷ್ಟಿಷ್ಟೇ ತಳ್ತಾ, ಪಾಯಿಂಟಿನ ಹೀಲ್ (ತಿರುಗೋ ಕ್ಯಾಮಿಗೆ ಉಜ್ಜೋ ಗುಬ್ಬಿ) ಕ್ಯಾಮಿನ ನೆತ್ತಿಗೆ ಬಂದಾಗ ನಿಲ್ಲಿಸಿ 0.40 ಮಿ.ಮೀ. ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳ್ಳನೆ ಪಟ್ಟಿ) ತೂರಿಸ್ಬೇಕು, ಅದು ಒಂಚೂರು ಹಿಡ್ದು ಹಿಡ್ದು ಜಾರಬೇಕು, ಸರಿಯಾಯ್ತು ಅಂತ ಸ್ಕ್ರೂ ಟೈಟ್ ಮಾಡಿದ್ರೆ ಗ್ಯಾಪ್ ಹೋಗಿರುತ್ತೆ, ಮತ್ತೆ ಮೊದಲಿಂದ! ಕೊನೇಲಿ ಕ್ಯಾಪ್ ಒಳಗೆ ತಿರುಗೋ ರೋಟರ್ ಕೆಳಗಿನ ಫೆಲ್ಟಿಗೆ ಎರಡು ತೊಟ್ಟು ಎಣ್ಣೆ.

ಕಿಟ್ ಹಾಕಿದ್ಮೇಲೆ ಅದ್ಯಾವ್ದೂ ಇಲ್ಲ. ಹೀಲ್ ಸವೆದು ಗ್ಯಾಪ್ ಕಮ್ಮಿಯಾಗಿ ಕಿಡಿಯ ಟೈಮಿಂಗ್ ಹಿಂದೆ ಬೀಳೋದು ನಿಂತೇ ಹೋಯ್ತು. ಚಳೀಲೂ ಒಂದೇ ಸೆಲ್ಫಿಗೆ ಸ್ಟಾರ್ಟ್. ಎರಡು ವರ್ಷ ಹೊಗಳಿದ್ದೇ ಹೊಗಳಿದ್ದು.

ಆಮೇಲೆ ಶುರುವಾಯ್ತು. ಐಡ್ಲಿಂಗ್ ಚೆನ್ನಾಗಿದೆ, ಪೂರ್ತಿ ಆಕ್ಸಿಲರೇಟರ್ ಒತ್ತಿದ್ರೂ ಎಳೆಯುತ್ತೆ, ಆದ್ರೆ ಹಗುರಕ್ಕೆ ಕಾಲಿಟ್ಟು ಆರಾಮಾಗಿ ಹೋಗ್ತಿದ್ರೆ ಮಾತ್ರ ಫಟ್ ಅಂತ ಕರೆಂಟ್ ಹೋದಂಗೆ ಒಂದು ಜರ್ಕ್. ಪೆಟ್ರೋಲ್ ಕಸ ಅಂದ್ಕೊಂಡು ಜೆಟ್ ತೊಳೆದೆ, ಫಿಲ್ಟರ್, ಪ್ಲಗ್, ಕ್ಯಾಪ್ ಒಳಗಿನ ಕಾರ್ಬನ್ ಬ್ರಷ್ ಎಲ್ಲಾ ನೋಡ್ದೆ, ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ ಪ್ಲಗ್ ವೈರಿಂದ ಕಿಡಿ ಹಾರ್ತಿದ್ಯಾ ಅಂತ್ಲೂ ನೋಡ್ದೆ. ಮೀಟರ್ ಇಟ್ರೆ ಎಲ್ಲಾ ಸರಿ. ಒಂದು ತಿಂಗಳು ಹೀಗೇ.

ಕೊನೆಗೆ ವ್ಯಾಕ್ಯೂಮ್ ಪೈಪನ್ನ (ಎಂಜಿನ್ನಿನ ಎಳೆತದಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟ್ ತಿರುಗಿಸಿ ಕಿಡಿನ ಮುಂಚೆ ತರೋ ಪೈಪು) ಕಾರ್ಬುರೇಟರ್ ಕಡೆ ಬಿಚ್ಚಿ, ಅಲ್ಲಿನ ತೂತು ಮುಚ್ಚಿ ಓಡಿಸಿದ್ರೆ ಜರ್ಕೇ ಇಲ್ಲ! ಗಾಡಿ ನಿಲ್ಸಿ ಐಡ್ಲಿಂಗಲ್ಲಿ ಬಿಟ್ಟು ಆ ಪೈಪನ್ನ ಬಾಯಲ್ಲಿ ಎಳೆದೆ, ಎಂಜಿನ್ ಪಟ್ ಅಂತ ಆಫ್. ಎಳೆದಾಗ ಒಳಗಿನ ಪ್ಲೇಟ್ ತಿರುಗುತ್ತೆ, ಜೊತೆಗೆ ಕಿಟ್ಟಿನ ವೈರೂ ಬಿಗಿಯುತ್ತೆ; ಹಗುರಕ್ಕೆ ಓಡಿಸೋವಾಗ ಆಗ್ತಿದ್ದಿದ್ದೂ ಇದೇ. ಮೇಲಿನ ಪ್ಲಾಸ್ಟಿಕ್ ನೆಟ್ಟಗಿದೆ, ಒಳಗಿನ ತಾಮ್ರ ತುಂಡು, ಸಡಿಲ ಇದ್ದಾಗ ಕೂಡ್ಕೊಳ್ಳುತ್ತೆ. ಹಳೇ ಪಾಯಿಂಟಿನ ವೈರ್ ದಾರದ ಹಾಗೆ ಮೆತ್ತಗಿರ್ತಿತ್ತು, ಅದು ಯಾಕೆ ಅಂತ ಅವತ್ತು ಗೊತ್ತಾಯ್ತು. ಇಷ್ಟು ದುಡ್ಡು ತಗೊಂಡು ಇಂಥ ಗಟ್ಟಿ ವೈರ್ ಯಾಕ್ರೀ ಹಾಕ್ತಾರೆ?

ಸಣ್ಣೆಳೆಯ ಮೆತ್ತನೆ ವೈರ್ ಬೆಸುಗೆ ಹಾಕಿ, ರೋಟರಿಗೆ ತಾಗದ ಹಾಗೆ ಒಂದು ಸುತ್ತು ಸಡಿಲ ಬಿಟ್ಟೆ, ಒಂದು ವರ್ಷದಿಂದ ಸದ್ದಿಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ. ಎಂಜಿನ್ ನಿಂತಿರೋವಾಗ ಕೀ ಆನ್ ಇಟ್ಟು ಮರೀಬೇಡಿ, ಕಿಟ್ಟಿನ ಮಾಡ್ಯೂಲೋ ಕಿಡಿ ಕೊಡೋ ಕಾಯಿಲೋ ಸುಟ್ಟೋಗ್ಬಹುದು. ಪಾಯಿಂಟ್ ಆದ್ರೆ ಮುನ್ಸೂಚನೆ ಕೊಟ್ಟು ಕೈಕೊಡುತ್ತೆ, ಇದು ಹೋದ್ರೆ ದಾರೀಲೇ ಹೋಯ್ತು. ಅದಕ್ಕೇ ಡ್ಯಾಶ್‌ಬೋರ್ಡ್ ಡಬ್ಬೀಲಿ ಹಳೇ ಪಾಯಿಂಟು, ಒಂದು ಕಂಡೆನ್ಸರ್, ಆ ಫೀಲರ್ ಗೇಜು ಇನ್ನೂ ಬಟ್ಟೇಲಿ ಸುತ್ತಿಟ್ಟಿದೀನಿ.