ಇಪ್ಪತ್ತು ಮಕ್ಕಳ ಕಲ್ಯಾಣಿ: ಮೈಸೂರು ಅಗ್ರಹಾರದ ಒಂದು ರೆಕಾರ್ಡಿಂಗ್ ಕೋಣೆಯ ಕುರಿತು

ನಮ್ಮ ಬಡಾವಣೆಯ ಚರ್ಚಿನಲ್ಲಿ ಮಕ್ಕಳ ಗಾನವೃಂದ ನೋಡಿಕೊಳ್ಳುವ ಮೇಷ್ಟ್ರು ಕಳೆದ ವಾರ ಫೋನ್ ಮಾಡಿದ್ದರು. ಕೊರೊನಾ ಹಾವಳಿಯ ಈ 2020ರ ಕ್ರಿಸ್‌ಮಸ್‌ಗೆ ಮಕ್ಕಳನ್ನು ಒಂದೆಡೆ ಸೇರಿಸಲು ಧೈರ್ಯವಿಲ್ಲ ಎಂದರು. ನಿಮ್ಮ ಮಕ್ಕಳು ಅವರವರ ಮನೆಯಿಂದಲೇ ನುಡಿಸಿದ್ದನ್ನು ಸೇರಿಸಿ ನೀವು ದಸರೆಗೆ ಮಾಡಿಸಿದ ವಿಡಿಯೊವನ್ನು ಜೋಡಿಸಿಕೊಟ್ಟವರು ಯಾರು, ಎಷ್ಟು ತೆಗೆದುಕೊಂಡರು, ನಂಬಬಹುದೇ ಎಂದು ಕೇಳಿದರು. ಅರ್ಧ ಗಂಟೆ ಮಾತನಾಡಿದರೂ ಹೇಳದೆ ಉಳಿದದ್ದೇ ಹೆಚ್ಚಾಯಿತು. ಹಾಗಾಗಿ ಅವರಿಗೂ, ಅವರಂತೆ ಮಕ್ಕಳಿಗೆ ಸಂಗೀತ ಕಲಿಸುವ ಇತರರಿಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ನಾನು ಇಪ್ಪತ್ತೇಳು ವರ್ಷಗಳಿಂದ ಪಿಟೀಲು ಕಲಿಸುತ್ತಿದ್ದೇನೆ. ಮಕ್ಕಳ ವಾದ್ಯವೃಂದ ಶುರುವಾದದ್ದು ನವರಾತ್ರಿಯ ಗೊಂಬೆಗಳ ನೆಪದಲ್ಲಿ. ಸಂಜೆಯಾದರೆ ಮಕ್ಕಳು ವಾದ್ಯಗಳನ್ನು ಹೊತ್ತು ಗೊಂಬೆ ಕೂರಿಸಿದ ಮನೆಗಳಿಗೆ ಹೋಗಿ, ಹತ್ತು ನಿಮಿಷ ನುಡಿಸಿ, ಗೊಂಬೆ ಬಾಗಿನ ಪಡೆದು ಮುಂದಿನ ಮನೆಗೆ ಓಡುತ್ತಿದ್ದರು. ಈಗ ನಮ್ಮಲ್ಲಿ ಹನ್ನೊಂದು ಪಿಟೀಲು, ನಾಲ್ಕು ಕೊಳಲು, ಎರಡು ವೀಣೆ, ತಲಾ ಒಂದು ಕೀಬೋರ್ಡ್, ಮೃದಂಗ, ಘಟ ಇವೆ. ನಾಲ್ವಡಿಯವರ ಕಾಲದಲ್ಲಿ ಅರಮನೆಯಲ್ಲೇ ಕರ್ನಾಟಕ ಬ್ಯಾಂಡ್ ಒಂದು, ಇಂಗ್ಲಿಷ್ ಬ್ಯಾಂಡ್ ಒಂದು ಇದ್ದ ಊರು ಇದು. ಹತ್ತಾರು ವಾದ್ಯ ಒಟ್ಟಿಗೆ ನುಡಿಯುವುದನ್ನು ಕೇಳಿದರೆ ಇಲ್ಲಿಯ ಹಿರಿಯರಿಗೆ ಈಗಲೂ ಕಿವಿ ನಿಮಿರುತ್ತದೆ.

ಈ 2020ರ ನವರಾತ್ರಿಯಲ್ಲಿ ಅದೆಲ್ಲ ನಿಂತಿತು. ಮಾರ್ಚ್‌ನಿಂದ ಶಾಲೆಯಿಲ್ಲದ ಕಾರಣ ಅರ್ಧಕ್ಕರ್ಧ ಮಕ್ಕಳು ಅಜ್ಜಿಮನೆ ಸೇರಿದ್ದರು. ಮಂಡ್ಯದಲ್ಲಿ ಒಬ್ಬಳು, ಪಾಂಡವಪುರದಲ್ಲಿ ಅಣ್ಣತಂಗಿ ಇಬ್ಬರು, ನಂಜನಗೂಡಿನಲ್ಲಿ ಮೂವರು, ಮೃದಂಗದ ಹುಡುಗ ದೂರದ ಶಿರಸಿಯಲ್ಲಿ. ವಿಡಿಯೊ ಕರೆಯಲ್ಲಿ ಎಲ್ಲರನ್ನೂ ಒಟ್ಟಿಗೆ ನುಡಿಸಲು ಎರಡು ಭಾನುವಾರ ಒದ್ದಾಡಿದೆ. ಒಂದೇ ಕೋಣೆಯಲ್ಲಿ ಹತ್ತು ಅಡಿ ದೂರ ಕುಳಿತವನ ನಾದ ನನ್ನ ಕಿವಿ ಮುಟ್ಟಲು ಸೆಕೆಂಡಿನ ನೂರನೆಯ ಒಂದು ಪಾಲು ಸಾಕು. ಇಂಟರ್‌ನೆಟ್ಟಿನಲ್ಲಿ ಅದರ ಹತ್ತಿಪ್ಪತ್ತು ಪಟ್ಟು ತಡವಾಗುತ್ತದೆ. ನಾನು ತಾಳದ ಮೊದಲ ಪೆಟ್ಟಿನಲ್ಲಿ ಎತ್ತಿಕೊಂಡರೆ ಅವರದು ತಾಳ ತಪ್ಪಿ ತಡವಾಗಿ ಬಂದು ಬೀಳುತ್ತದೆ. ಅದಕ್ಕಿಂತ ನನ್ನನ್ನು ಕಂಗೆಡಿಸಿದ್ದು ತಂಬೂರಿ. ಒಂದೇ ಸಮನೆ ಮೊಳಗುವ ನಾದವನ್ನು ಈ ಆ್ಯಪ್‌ಗಳು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತವೆ. ನಾನು ಶ್ರುತಿ ಹಾಕಿಕೊಂಡು ಕುಳಿತಿದ್ದೇನೆ, ಮಕ್ಕಳಿಗೆ ಅದು ಕೇಳಿಸುತ್ತಲೇ ಇಲ್ಲ!

ಬ್ರಿಟನ್ನಿನ ರಾಷ್ಟ್ರೀಯ ಯುವ ವಾದ್ಯವೃಂದದವರು ಲಾಕ್‌ಡೌನಿನ ಏಪ್ರಿಲ್‌ನಲ್ಲಿ ಮನೆಮನೆಯಿಂದಲೇ ಬೀಥೋವನ್ ನುಡಿಸಿದ್ದನ್ನು ನೋಡಿದ್ದೆ. ಎಲ್ಲರೂ ಬೇರೆಬೇರೆ ನುಡಿಸಿ ಕಳಿಸುವುದು, ಒಬ್ಬರು ಕೂತು ಜೋಡಿಸುವುದು ಎಂಬ ಈ ದಾರಿಯೂ ಹೊಸದಲ್ಲ. ಅಮೆರಿಕದ ಸಂಗೀತಗಾರ ಎರಿಕ್ ವಿಟೇಕರ್ 2010ರಲ್ಲೇ ಹನ್ನೆರಡು ದೇಶಗಳ 185 ಗಾಯಕರನ್ನು ಹೀಗೆ ಪರದೆಯ ಮೇಲೆ ಒಂದುಗೂಡಿಸಿದ್ದರು. ನಮ್ಮ ಇಪ್ಪತ್ತು ಮಕ್ಕಳನ್ನು ಕೂಡಿಸಲಾಗದೇ ಎಂದುಕೊಂಡೆ.

ಮೊದಲು ನಗರದ ಇನ್ನೊಂದು ಕಡೆ ಕೊಟ್ಟಿದ್ದೆ. ಒಳ್ಳೆಯ ಉಪಕರಣ, ಹವಾನಿಯಂತ್ರಿತ ಕೋಣೆ, ಚುರುಕಾದ ಹುಡುಗರು. ಮಾದರಿಗೆಂದು ಐದು ಪಿಟೀಲುಗಳ ಒಂದು ನಿಮಿಷವನ್ನು ಜೋಡಿಸಿ ಕಳಿಸಿದರು. ಕೇಳಿ ಎದೆ ಧಸಕ್ಕೆಂದಿತು. ನಾನು ಮಕ್ಕಳಿಗಾಗಿ ಹೊಂದಿಸಿದ್ದು ಕಲ್ಯಾಣಿ ರಾಗದ ಒಂದು ಚಿಕ್ಕ ಸ್ವರಜೋಡಣೆ, ಆದಿತಾಳ, ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ಕಲ್ಯಾಣಿಯ ನಿಷಾದ, ಅಂದರೆ 'ನಿ' ಸ್ವರ, ಷಡ್ಜದ, ಅಂದರೆ ಮೇಲಿನ 'ಸ'ದ ಕಡೆಗೆ ತೂಗುತ್ತ ಹೋಗಬೇಕು. ಅದನ್ನು ಕಲಿಸಲು ನಾನು ಒಂದೊಂದು ಮಗುವಿನ ಬೆರಳು ಹಿಡಿದು ತಿಂಗಳುಗಟ್ಟಲೆ ಕುಳಿತಿದ್ದೇನೆ. ಇವರ ಕೈಯಲ್ಲಿ ಅದು ಹಲಗೆಯಂತೆ ಚಪ್ಪಟೆಯಾಗಿತ್ತು. ಶ್ರುತಿ ತಿದ್ದುವ ತಂತ್ರಾಂಶವನ್ನು ಹಾಕಿದ್ದರು. ಅದು ಪ್ರತಿ ಸ್ವರವನ್ನೂ ಎಳೆದು ತಂದು ಹಾರ್ಮೋನಿಯಂನ ಹನ್ನೆರಡು ಮನೆಗಳಲ್ಲಿ ಒಂದರಲ್ಲಿ ಕೂರಿಸುತ್ತದೆ. ಗಮಕ ಎಂದರೆ ಸ್ವರದ ಈ ತೂಗಾಟ, ಅದು ಇರುವುದೇ ಆ ಮನೆಗಳ ನಡುವಿನ ಓಡಾಟದಲ್ಲಿ. ಹೀಗೆಂದು ವಿವರಿಸಿದಾಗ, ಮಕ್ಕಳ ಅಪಸ್ವರ ಹೋಗಬೇಕಾದರೆ ಇದು ಬೇಕೇ ಬೇಕು ಎಂದರು. ಮುಂಗಡ ಬಿಟ್ಟು ಹೊರಬಂದೆ.

ಅಗ್ರಹಾರದ ಈ ಕೋಣೆಯನ್ನು ತೋರಿಸಿದವರು ನಮ್ಮ ಘಟದ ಹುಡುಗನ ಗುರುಗಳು. ಇದಕ್ಕೆ ಹೆಸರಿಲ್ಲ, ಬೋರ್ಡ್ ಇಲ್ಲ. ಹಳೆಯ ಹೆಂಚಿನ ಮನೆಯ ಮಹಡಿಯಲ್ಲಿ ಒಂದು ಕಂಪ್ಯೂಟರ್, ಎರಡು ಸ್ಪೀಕರ್, ಗೋಡೆಗೆ ಜಮಖಾನ. ಅಗ್ರಹಾರದ ಸುತ್ತಮುತ್ತ ಸಂಗೀತ ಕಲಿಸುವ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಕೆಲಸ ಮಾಡುವವರು ಮೂವತ್ತರ ಆಸುಪಾಸಿನ ಒಬ್ಬರೇ ತರುಣ. ಸ್ವತಃ ಮೃದಂಗ ನುಡಿಸುತ್ತಾರೆ. ನಾನು ಬಾಯಿ ಬಿಡುವ ಮೊದಲೇ ಅವರು ಕೇಳಿದ್ದು, "ಮೇಡಂ, ಯಾವ ರಾಗ? ಯಾವ ಶ್ರುತಿ?" ಅಲ್ಲಿಗೇ ನನ್ನ ಅರ್ಧ ಚಿಂತೆ ಕಳೆಯಿತು.

ಅವರ ಕ್ರಮ ಹೀಗಿತ್ತು. ಮೊದಲು ನನ್ನ ಪಿಟೀಲನ್ನು ತಂಬೂರಿ ಮತ್ತು ತಾಳದ ತಟ್ಟಿನ ಜೊತೆ ರೆಕಾರ್ಡ್ ಮಾಡಿಕೊಂಡರು. ಮಕ್ಕಳೆಲ್ಲರೂ ಅದನ್ನು ಕಿವಿಯಲ್ಲಿ ಕೇಳುತ್ತ ನುಡಿಸಬೇಕು. ಇಯರ್‌ಫೋನಿಗೆ ತಂತಿ ಇರಲೇಬೇಕು. ಬ್ಲೂಟೂತ್ ಆದರೆ ಸದ್ದು ಕಿವಿಗೆ ಬರುವಷ್ಟರಲ್ಲಿ ತಡವಾಗಿ ಇಡೀ ನುಡಿಸಾಣಿಕೆ ಹಿಂದೆ ಬೀಳುತ್ತದೆ. ನುಡಿಸುವ ಮುನ್ನ ತಾಳಕ್ಕೆ ಸರಿಯಾಗಿ ಮೂರು ಚಪ್ಪಾಳೆ, ಮುಗಿದ ಮೇಲೆ ಮತ್ತೆ ಮೂರು. ಪರದೆಯ ಮೇಲೆ ಚಪ್ಪಾಳೆ ಮೊನಚಾದ ಗೆರೆಯಾಗಿ ಎದ್ದು ಕಾಣುತ್ತದೆ, ಇಪ್ಪತ್ತು ಗೆರೆಗಳನ್ನು ಒಂದರ ಕೆಳಗೊಂದು ನಿಲ್ಲಿಸಿದರೆ ಮಕ್ಕಳು ಒಂದಾದರು. ಕೊನೆಯ ಚಪ್ಪಾಳೆ ಏಕೆಂದು ಕೇಳಿದೆ. ಒಂದು ಮೊಬೈಲ್‌ನ ಗಡಿಯಾರ ಇನ್ನೊಂದರಂತೆ ನಡೆಯುವುದಿಲ್ಲವಂತೆ. ಆರಂಭದಲ್ಲಿ ಕೂಡಿದ್ದು ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಕೂದಲೆಳೆಯಷ್ಟು ಸರಿದಿರುತ್ತದೆ. ಅದನ್ನು ಹಿಡಿಯಲು ಕೊನೆಯ ಮೂರು.

ಇನ್ನು, ಈ ಬರಹಕ್ಕೆ ನಿಜವಾದ ಕಾರಣವಾದ ಸಂಗತಿ.

ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಕೂರಿಸಿ ಪುಸ್ತಕ, ವಾದ್ಯಗಳನ್ನು ಪೂಜೆಗೆ ಇಡುತ್ತೇವೆ. ಆಮೇಲೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಅಷ್ಟರೊಳಗೆ ಎಲ್ಲರ ರೆಕಾರ್ಡಿಂಗ್ ಬರಬೇಕೆಂದು ಮೊದಲೇ ಹೇಳಿದ್ದೆ, ಬಂದೂ ಇತ್ತು. ಆದರೆ ಪೂಜೆಗೆ ಇಟ್ಟ ದಿನವೇ ಸಂಜೆ ಅಗ್ರಹಾರದಿಂದ ಫೋನ್ ಬಂತು. ಮಂಡ್ಯದ ಹುಡುಗಿಯ ವೀಣೆಯಲ್ಲಿ ಕೊನೆಯ ನಲವತ್ತು ಸೆಕೆಂಡು ತಂತಿ ಬಿಗಿಯುವ ಬಿರಡೆ ಜಾರಿ, ಮುಖ್ಯ ತಂತಿಯಾದ ಸಾರಣಿಯ ಶ್ರುತಿ ಇಳಿದಿದೆ, ಇನ್ನೊಮ್ಮೆ ನುಡಿಸಿ ಕಳಿಸಬಹುದೇ ಎಂದು. ಮಂಡ್ಯಕ್ಕೆ ಫೋನ್ ಮಾಡಿದೆ. ವೀಣೆ ಆಗಲೇ ಕೆಂಪು ಪಟ್ಟೆಯ ಮೇಲೆ ಮಲಗಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದಿತ್ತು. "ಮಿಸ್, ಅಜ್ಜಿ ಬೇಡ ಅನ್ನುತ್ತಾರೆ" ಎಂದು ಹುಡುಗಿ ಅಳತೊಡಗಿದಳು. ಹನ್ನೆರಡು ವರ್ಷದ ಮಗು. ಆ ನಲವತ್ತು ಸೆಕೆಂಡು ಅವಳ ವೀಣೆಯನ್ನು ಅಡಗಿಸಿಬಿಡಿ, ಇನ್ನೊಂದು ವೀಣೆ ಇದೆಯಲ್ಲ ಎಂದು ಹೇಳಲು ನಾನೇ ಹೊರಟಿದ್ದೆ.

ಅಗ್ರಹಾರದ ಆ ತರುಣ ಹೇಳಿದರು, "ವೀಣೆಯನ್ನು ಎಬ್ಬಿಸಬೇಡಿ ಮೇಡಂ. ಮಗು ಹಿಂದಿನ ವಾರ ಅಭ್ಯಾಸಕ್ಕೆಂದು ಕಳಿಸಿದ್ದು ನನ್ನ ಹತ್ತಿರ ಇದೆ."

ಆ ಅಭ್ಯಾಸದ ಪ್ರತಿಯಲ್ಲಿ ಶ್ರುತಿ ಸರಿಯಿತ್ತು. ಆದರೆ ಇಯರ್‌ಫೋನ್ ಇಲ್ಲದೆ ನುಡಿಸಿದ್ದರಿಂದ ಕಾಲಪ್ರಮಾಣ, ಅಂದರೆ ನುಡಿಸುವ ವೇಗ, ಅಲ್ಲಲ್ಲಿ ಓಡಿತ್ತು. ಮರುದಿನ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ನಾನೇ ಅಗ್ರಹಾರಕ್ಕೆ ಹೋದೆ. ರಾತ್ರಿಯೆಲ್ಲ ಕೂತು ಆ ನಲವತ್ತು ಸೆಕೆಂಡುಗಳನ್ನು ಹದಿನೇಳು ತುಂಡು ಮಾಡಿ, ಒಂದೊಂದನ್ನೂ ತಾಳದ ಮೇಲೆ ಇರಿಸಿದ್ದರು. ಪ್ರತಿ ತುಂಡನ್ನೂ ಮೀಟಿನ ಮುಂಚೆ ಕತ್ತರಿಸಿದ್ದರು. ಮೀಟಿದ ತಂತಿಯನ್ನು ಬೆರಳು ಎಳೆಯುವಾಗಿನ ನಾದದ ನಡುವೆ ಎಲ್ಲಿಯೂ ಕತ್ತರಿ ಬಿದ್ದಿರಲಿಲ್ಲ. "ಮೀಟಿದ ಮೇಲೆ ಅದು ಮಗುವಿನ ಬೆರಳಿನದು, ನಾನು ಮುಟ್ಟಬಾರದು" ಎಂದರು. ಕಣ್ಣು ಮುಚ್ಚಿ ಮೂರು ಸಲ ಕೇಳಿದೆ. ಎಲ್ಲಿ ಜೋಡಿಸಿದ್ದಾರೆಂದು ನನಗೆ ಗೊತ್ತಾಗಲಿಲ್ಲ, ನಿಷಾದ ತೂಗುತ್ತಲೇ ಇತ್ತು.

ಚಿತ್ರ ಮಾತ್ರ ಹೊಂದುವುದಿಲ್ಲವಲ್ಲ, ನಾದ ಒಂದು ದಿನದ್ದು, ಕೈ ಇನ್ನೊಂದು ದಿನದ್ದು. ಅದಕ್ಕೆ ಅವರು ಅಜ್ಜಿಯಿಂದ ಒಂದು ಫೋಟೊ ತರಿಸಿಕೊಂಡಿದ್ದರು. ವಿಡಿಯೊದ ಕೊನೆಯಲ್ಲಿ ಹತ್ತೊಂಬತ್ತು ಚೌಕಗಳಲ್ಲಿ ಮಕ್ಕಳು ನುಡಿಸುತ್ತಿದ್ದರೆ, ಇಪ್ಪತ್ತನೆಯದರಲ್ಲಿ ಕೆಂಪು ಪಟ್ಟೆಯ ಮೇಲೆ ಸೇವಂತಿಗೆ ಮುಡಿದ ವೀಣೆ. ಮಂಡ್ಯದ ಅಜ್ಜಿ ಅದನ್ನು ನೋಡಿ, "ನೋಡಮ್ಮ, ನಿನ್ನ ಪಾಲನ್ನು ಸರಸ್ವತಿಯೇ ನುಡಿಸಿದಳು" ಎಂದು ಮೊಮ್ಮಗಳಿಗೆ ಹೇಳಿದರಂತೆ.

ಕೊರತೆಗಳೂ ಇದ್ದವು. ಇಪ್ಪತ್ತನಾಲ್ಕರಂದು ಕೊಡುತ್ತೇನೆಂದವರು ಇಪ್ಪತ್ತೈದರ ರಾತ್ರಿ ಹನ್ನೊಂದಕ್ಕೆ ಕೊಟ್ಟರು. ಮರುದಿನವೇ ವಿಜಯದಶಮಿ, ನನಗೆ ನಿದ್ದೆಯಿಲ್ಲ. ಮೊದಲ ಪ್ರತಿಯಲ್ಲಿ ಕೊಳಲಿನ ಹುಡುಗನೊಬ್ಬನ ಹೆಸರನ್ನು ತಪ್ಪಾಗಿ ಬರೆದಿದ್ದರು. ತಿದ್ದಿಸುವಷ್ಟರಲ್ಲಿ ಅದು ನಾಲ್ಕಾರು ಮನೆಗಳಿಗೆ ಹೋಗಿಬಿಟ್ಟಿತ್ತು. ಮಗುವಿನ ಹೆಸರು ಸಣ್ಣ ವಿಷಯವಲ್ಲ. ನೀವು ಮಾಡಿಸುವಾಗ ಹೆಸರುಗಳನ್ನು ಕನ್ನಡದಲ್ಲಿ ನೀವೇ ಟೈಪ್ ಮಾಡಿ ಕೊಡಿ. ಆರಂಭದಲ್ಲಿ ಕೀಬೋರ್ಡ್ ಸ್ವಲ್ಪ ಜೋರಾಗಿದೆ, ಈಗಲೂ ಹಾಗೆಯೇ ಇದೆ. ಮೃದಂಗದವರಾದ ಕಾರಣ ಮೃದಂಗವನ್ನು ಮುಂದೆ ತರುತ್ತಾರೇನೋ ಎಂದು ಅಂಜಿದ್ದೆ, ಹಾಗಾಗಲಿಲ್ಲ.

ಹಣದ ವಿಷಯ: ಧ್ವನಿ, ಚಿತ್ರ ಎರಡೂ ಸೇರಿ ಒಂಬತ್ತು ಸಾವಿರ ರೂಪಾಯಿ. ಮಗುವಿಗೆ ನಾನೂರೈವತ್ತರಂತೆ ಹಾಕಿಕೊಂಡೆವು. ಆ ರಾತ್ರಿಯ ಕೆಲಸಕ್ಕೆ ಬೇರೆಯಾಗಿ ಏನನ್ನೂ ಕೇಳಲಿಲ್ಲ. ಮೊದಲು ಹೋದ ಕಡೆ ಇದರ ಎರಡು ಪಟ್ಟು ಹೇಳಿದ್ದರು.

ಅಕ್ಟೋಬರ್ 26ರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲ ಮನೆಗಳಿಗೂ ವಿಡಿಯೊ ಕಳಿಸಿದೆ. ಮಧ್ಯಾಹ್ನ ಟಿ.ವಿ.ಯಲ್ಲಿ ಜಂಬೂಸವಾರಿ. 750 ಕೆ.ಜಿ.ಯ ಚಿನ್ನದ ಅಂಬಾರಿಯನ್ನು ಮೊದಲ ಸಲ ಹೊತ್ತ ಆನೆ ಅಭಿಮನ್ಯು ಅರಮನೆಯ ಆವರಣದೊಳಗೇ ನಡೆದು ನಿಂತ, ಪ್ರತಿ ವರ್ಷ ಮೆರವಣಿಗೆ ಸಾಗುವ ಬನ್ನಿಮಂಟಪದ ದಾರಿ ಖಾಲಿ. ಅದನ್ನು ನೋಡಿ ಮನಸ್ಸು ಭಾರವಾಗಿದ್ದಾಗಲೇ ಫೋಟೊಗಳು ಬರತೊಡಗಿದವು. ಮಕ್ಕಳು ಪ್ರತಿ ವರ್ಷ ಹೋಗುತ್ತಿದ್ದ ಮನೆಗಳವರು ಮೊಬೈಲನ್ನು ಗೊಂಬೆಗಳ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳ ಪಕ್ಕದಲ್ಲಿಟ್ಟು ವಿಡಿಯೊ ಹಾಕಿದ್ದರು. ಒಬ್ಬರು ಅದರ ಮುಂದೆ ಇಪ್ಪತ್ತು ಚಿಕ್ಕ ಪೊಟ್ಟಣಗಳಲ್ಲಿ ಬಾಗಿನ ಕಟ್ಟಿಟ್ಟಿದ್ದರು. ಆ ಪೊಟ್ಟಣಗಳು ಈಗ ನನ್ನ ಮನೆಯಲ್ಲಿವೆ. ಮಕ್ಕಳು ಊರಿಗೆ ಬಂದಂತೆಲ್ಲ ಒಂದೊಂದಾಗಿ ಕೊಡುತ್ತಿದ್ದೇನೆ. ಹನ್ನೆರಡು ಹೋಗಿವೆ.

ಮೇಷ್ಟ್ರೇ, ಕ್ರಿಸ್‌ಮಸ್‌ಗೆ ಮಾಡಿಸುವುದಾದರೆ ಈಗಲೇ ಅಗ್ರಹಾರಕ್ಕೆ ಹೋಗಿ ದಿನ ಗೊತ್ತು ಮಾಡಿಕೊಳ್ಳಿ, ಅವರೊಬ್ಬರದೇ ಕೈ. ವಿಡಿಯೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಗೇ ಕಳಿಸಲು ಬಿಡಬೇಡಿ, ಅದು ಹಿಂಡಿ ಚಿಕ್ಕದು ಮಾಡಿ ನಾದದ ಜೀವ ತೆಗೆಯುತ್ತದೆ. ಗೂಗಲ್ ಡ್ರೈವ್‌ಗೆ ಹಾಕಿಸಿ. ಅಭ್ಯಾಸಕ್ಕೆ ಹಾಡಿ ಕಳಿಸಿದ್ದನ್ನೂ ಅಳಿಸಬೇಡಿ. ಹಾಡುವ ಮುನ್ನ ಮೂರು ಚಪ್ಪಾಳೆ, ಮುಗಿದ ಮೇಲೆ ಮೂರು. ಕೊನೆಯ ಮೂರನ್ನು ಮಕ್ಕಳು ಖುಷಿಯಲ್ಲಿ ಮರೆತುಬಿಡುತ್ತಾರೆ, ನೀವು ನೆನಪಿಸಿ.