ಮನೆಯಲ್ಲೇ ಕಟ್ಟಿದ ಪ್ರೊಜೆಕ್ಟರ್: ಎರಡು ವರ್ಷ ಬಳಸಿದ ಮೇಲೆ

ಬಣ್ಣ, ಅಳತೆ ಎಲ್ಲ ಆಮೇಲೆ. ಮೊದಲು ಬಿಸಿಯ ಮಾತು. ಚಿತ್ರ ಮೂಡಿಸುವ 7 ಇಂಚಿನ ಎಲ್‌ಸಿಡಿ ಪ್ಯಾನೆಲ್‌ ಹಿಂದೆ 100 ವ್ಯಾಟ್ ಎಲ್‌ಇಡಿ ಕೂರಿಸಿದರೆ ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಸೆಕೆಗಾಲದಲ್ಲಿ ಸಿನಿಮಾ ಅರ್ಧಕ್ಕೆ ಬರುವಾಗ ಚಿತ್ರದ ನಟ್ಟನಡುವೆ ಕಪ್ಪು ಮೋಡ ಕವಿಯುತ್ತದೆ. ಆರಿಸಿ ತಣಿಯಲು ಬಿಟ್ಟರೆ ಮಾಯ. ಪ್ಯಾನೆಲ್ಲಿನೊಳಗಿನ ಲಿಕ್ವಿಡ್ ಕ್ರಿಸ್ಟಲ್ ಮಿತಿಮೀರಿ ಕಾದು, ಬೆಳಕನ್ನು ತಿರುಚುವ ಗುಣ ಕಳೆದುಕೊಂಡ ಗುರುತು ಅದು. ಹಾಗೇ ಓಡಿಸಿದರೆ ಮುಂದಿನದು ಹಳದಿ ಕಲೆ. ಅಂದರೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಸುಟ್ಟಿತು, ಅದು ಮತ್ತೆ ಸರಿಹೋಗದು.

ಇದಕ್ಕೆ ಶಾಖದ ಕಿರಣ ತಡೆಯುವ ಹೀಟ್ ಗ್ಲಾಸ್ ಹಾಕಿ ಎನ್ನುವವರು ಬಹಳ. ಬೆಳಕಿನ ಜೊತೆ ಶಾಖವನ್ನೂ ಸೂಸುವ ಮೆಟಲ್ ಹ್ಯಾಲೈಡ್ ದೀಪಕ್ಕೆ ಅದು ಬೇಕೇ ಬೇಕು, ಎಲ್‌ಇಡಿಗೆ ಅಷ್ಟೇನೂ ಉಪಯೋಗವಿಲ್ಲ. ಎಲ್‌ಇಡಿ ಬೆಳಕಿನಲ್ಲಿ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಶಾಖದ ಕಿರಣ) ತೀರಾ ಕಡಿಮೆ. ಪ್ಯಾನೆಲ್ಲನ್ನು ಕಾಯಿಸುವುದು ಕಣ್ಣಿಗೆ ಕಾಣುವ ಬೆಳಕೇ: ಹಿಂಬದಿಯ ಪೋಲರೈಸರ್ ಅರ್ಧಕ್ಕೂ ಹೆಚ್ಚು ಬೆಳಕನ್ನು ನುಂಗುತ್ತದೆ. ಹಾಗಾಗಿ ಇನ್ನೊಂದು ಪೋಲರೈಸರ್ ಹಾಳೆಯನ್ನು ಗಾಜಿಗೆ ಅಂಟಿಸಿ, ಪ್ಯಾನೆಲ್ಲಿನ ಹಿಂದೆ ಬಿಡಿಯಾಗಿ ನಿಲ್ಲಿಸಬೇಕು. ಅಂಟಿಸುವ ಮುಂಚೆ ಹಾಳೆಯನ್ನು ತಿರುಗಿಸುತ್ತಾ ನೋಡಿ, ಬೆಳಕು ಹೆಚ್ಚು ಹಾಯುವ ಕೋನಕ್ಕೆ ಗುರುತು ಹಾಕಿಕೊಳ್ಳಿ. ಸುಟ್ಟರೆ ಆ ಹಾಳೆ ಸುಡಲಿ, ಬದಲಾಯಿಸಬಹುದು. ಹಾಳೆಗೂ ಪ್ಯಾನೆಲ್ಲಿಗೂ ನಡುವೆ 10–15 ಮಿ.ಮೀ. ಸಂದು ಬಿಡಿ, ಫ್ಯಾನಿನ ಗಾಳಿ ಆ ಸಂದಿನಲ್ಲೇ ಹಾಯಲಿ. ಎಲ್‌ಇಡಿಯ ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ಗೆ ಬೇರೆಯದೇ ಫ್ಯಾನ್ ಇರಬೇಕು.

ಇಷ್ಟು ಮಾಡಿದ ಮೇಲೆ ಕಪ್ಪು ಮೋಡ ಮತ್ತೆ ಬರಲಿಲ್ಲ. ಉಳಿದದ್ದು ದಿನದ ಅಭ್ಯಾಸ. ಮೊದಲು ಫ್ಯಾನ್ ಹಾಕಿ ಎರಡರ ಸದ್ದೂ ಕೇಳಿಸಿಕೊಂಡು ಆಮೇಲೆ ಎಲ್‌ಇಡಿ. ಮುಗಿದಾಗ ಎಲ್‌ಇಡಿ ಆರಿಸಿ ಐದು ನಿಮಿಷ ಫ್ಯಾನ್ ಓಡಲಿ. ಫ್ರೆನೆಲ್ ಲೆನ್ಸಿನ (ಬೆಳಕನ್ನು ಹದವಾಗಿ ಬಾಗಿಸುವ, ಗೆರೆಗೆರೆಯ ಚಪ್ಪಟೆ ಲೆನ್ಸ್) ಧೂಳನ್ನು ರಬ್ಬರ್ ಬ್ಲೋವರ್‌ನಿಂದ ಊದಿದರೆ ಸಾಕು. ಬಟ್ಟೆ ತಾಗಿಸಿದರೆ ಗೀರು ಬೀಳುತ್ತದೆ, ಬಿದ್ದ ಗೀರು ಗೋಡೆಯ ಮೇಲೂ ಕಾಣಬಹುದು.

ಇನ್ನು ಚಿತ್ರ. ಚಿತ್ರವನ್ನು ಗೋಡೆಗೆ ಬೀರುವ 200 ಮಿ.ಮೀ. ಫೋಕಸ್‌ನ ಲೆನ್ಸಿಗೆ ಪ್ಯಾನೆಲ್ 220 ಮಿ.ಮೀ. ದೂರದಲ್ಲಿ, ಗೋಡೆ 2.2 ಮೀಟರ್ ದೂರದಲ್ಲಿದ್ದರೆ ಹತ್ತು ಪಟ್ಟು, ಅಂದರೆ 70 ಇಂಚು. ಪೂರ್ತಿ ಕತ್ತಲಾದ ಕೋಣೆಯಲ್ಲಿ ಎಷ್ಟು ಚಂದ! ಬಿಳಿ ಗೋಡೆಗೆ ಬಿದ್ದ ಆ ಮೆದು ಬೆಳಕನ್ನು ಗಂಟೆಗಟ್ಟಲೆ ನೋಡಿದರೂ ನನಗೆ ಕಣ್ಣು ಉರಿದಿಲ್ಲ. ಹಗಲಲ್ಲಿ ನೋಡುವವರಿಗೆ, ಸಣ್ಣ ಅಕ್ಷರ ಓದುವವರಿಗೆ ಮಾತ್ರ ಇದು ಬೇಡ. ಮೂಲೆಗಳು ಮಂಕಾದರೆ ಲೆನ್ಸ್ ಮುಟ್ಟಬೇಡಿ; ಎಲ್‌ಇಡಿಯನ್ನೇ ಒಂದೆರಡು ಮಿ.ಮೀ. ಹಿಂದೆ ಮುಂದೆ ಸರಿಸಿ, ನಾಲ್ಕೂ ಮೂಲೆ ಒಂದೇ ಸಮ ಬೆಳಗಿದಾಗ ಸ್ಕ್ರೂ ಬಿಗಿ ಮಾಡಿ.